ಗೋಡೆಗೆ ಹತ್ತಿದ ನೀರು

ದೇವಾಪುರ, ತಾ. ಸುರಪುರ
22 ಫೆಬ್ರವರಿ 2018, ಗುರುವಾರ ಮುಂಜಾನೆ

ಪ್ರೀತಿಯ ಅಪ್ಪಾ,

ಮಗಳು ಮೋನಮ್ಮನ ನಮಸ್ಕಾರ. ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ಅಬ್ಬೆತುಮಕೂರಿನ ಮಠದಲ್ಲಿ ಬರಿ ಕಲ್ಲಿನ ಮೇಲೆ ಮಲಗುತ್ತೀ, ಎದ್ದ ಕೂಡಲೇ ಅಂಗಳ ಗುಡಿಸುತ್ತೀ, ದಾಸೋಹದಲ್ಲಿ ಒಂದೇ ಹೊತ್ತು ಉಣ್ಣುತ್ತೀ ಎಂದು ಜಗದೇವಪ್ಪ ಮೇಷ್ಟ್ರು ಬಂದು ಹೇಳಿದರು. ಅವರ ಹೆಂಡತಿಯ ತವರು ಅಲ್ಲೇ ಇರುವುದರಿಂದ ನಮಗೆ ನಿನ್ನ ಸುದ್ದಿ ಇಷ್ಟಾದರೂ ಸಿಗುತ್ತಿದೆ. ನಿನ್ನ ಫೋನನ್ನು ಗೂಡಿನಲ್ಲಿಟ್ಟು ಹೋಗಿದ್ದೀ. ಅದು ರಿಂಗಾದಾಗಲೆಲ್ಲ ಅವ್ವ ನೀನೇ ಮಾಡಿದ್ದೀ ಎಂದು ಹಿಟ್ಟಿನ ಕೈಯಲ್ಲೇ ಓಡಿ ಹೋಗುತ್ತಾಳೆ. ಮೊಣಕಾಲಿನ ಎಣ್ಣೆಯ ಬಾಟಲಿಯನ್ನು ಮೇಷ್ಟ್ರ ಚೀಲದಲ್ಲಿ ಇಟ್ಟಿದ್ದೇನೆ. ಮಠಕ್ಕೆ ಬಂದವನು ಮೈ ನೋಡಿಕೊಳ್ಳಬಾರದು ಅಂತೇನಿಲ್ಲ, ಹಚ್ಚಿಕೊ. ಈ ಕಾಗದವನ್ನು ಯಾರ ಕೈಗೂ ಓದಲು ಕೊಡಬೇಡ. ಕಾಲುವೆ ಗೇಟಿನ ರಿಜಿಸ್ಟರ್ ಓದುವ ಹಾಗೆ ಸಾಲಿನ ಮೇಲೆ ಬೆರಳಿಟ್ಟು ನೀನೇ ನಿಧಾನವಾಗಿ ಓದು. ಉದ್ದವಾಗಿದೆ, ಆದರೂ ನಡುವೆ ಬಿಡಬೇಡ.

ಮನೆಯಲ್ಲಿ ಅವ್ವ ಚೆನ್ನಾಗಿದ್ದಾಳೆ ಎಂದು ಬರೆಯುವುದು ರೂಢಿ, ಚೆನ್ನಾಗಿಲ್ಲ. ಎಮ್ಮೆ ಹಾಲು ಕೊಡುತ್ತಿದೆ, ತೊಗರಿ ಒಕ್ಕಿ ಚೀಲಕ್ಕೆ ತುಂಬಿದ್ದೇವೆ. ಅಮರಪ್ಪ ಕಾಕಾನ ಹಟ್ಟಿಯಲ್ಲಿ ಈಗ ಮೂವತ್ತೊಂದು ಕುರಿ ಉಳಿದಿವೆ. ಕಾಕಾ ಹೋದ ಮೇಲೆ ಸಣ್ಣವ್ವನ ಅಣ್ಣ ಹತ್ತಿಕುಣಿಯಿಂದ ಬಂದು ಮೇಯಿಸಿಕೊಂಡು ಬರುತ್ತಿದ್ದಾನೆ. ಅವಕ್ಕೆ ಅವನ ಕೂಗು ತಿಳಿಯುವುದಿಲ್ಲ, ಅವನಿಗೆ ಅವುಗಳ ಚಾಳಿ ತಿಳಿಯುವುದಿಲ್ಲ. ಉಣ್ಣೆ ಇನ್ನೂ ಕತ್ತರಿಸಿಲ್ಲ, ಬಿಸಿಲು ಏರುತ್ತಿದೆ. ಎರಡು ಮನೆಗಳ ನಡುವಿನ ಗೋಡೆಯ ಕಿಂಡಿಯಲ್ಲಿ ಬೆಂಕಿ, ಮಜ್ಜಿಗೆ, ಬೈಗುಳ ಎಲ್ಲ ಹಾಯುತ್ತಿತ್ತಲ್ಲ, ಆ ಕಿಂಡಿಗೆ ಸಣ್ಣವ್ವ ಹಳೆಯ ಚೀಲ ತುರುಕಿದ್ದಾಳೆ. ಆ ಮನೆಯಲ್ಲಿ ಯಾರಾದರೂ ಕೆಮ್ಮಿದರೂ ಅವ್ವ ಕೆಲಸ ನಿಲ್ಲಿಸಿ ಕಿವಿಗೊಡುತ್ತಾಳೆ.

ಈಗ ಸೋಮವಾರದ ಮಾತು. ಇಪ್ಪತ್ತಾರನೇ ತಾರೀಖು ಸುರಪುರದ ತಹಶೀಲ್ದಾರ್ ಕಚೇರಿಯಲ್ಲಿ ಕಾಕಾನ ಸಾವಿನ ವಿಚಾರಣೆ ಇದೆ, ನೀನು ಬಂದು ಹೇಳಿಕೆ ಕೊಡಬೇಕು ಎಂಬ ನೋಟೀಸು ಮನೆಯ ಬಾಗಿಲಿಗೆ ಅಂಟಿಸಿ ಹೋಗಿದ್ದಾರೆ. ಮೇಷ್ಟ್ರು ನಿನಗೆ ಆ ವಿಷಯ ತಿಳಿಸಿದಾಗ ನೀನು ಏನು ಹೇಳಿದೆ ಎಂಬುದನ್ನು ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದರು. "ಬರತೀನ್ರಿ. ನನ್ನ ಕೈಲೇ ಗೇಟು ಎತ್ತಿ ತಮ್ಮನ್ನ ಕೊಂದೀನಂತ ಹೇಳಿ ಸಹಿ ಮಾಡತೀನಿ. ಮುಂದ ಏನರ ಆಗಲಿ." ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಮೇಷ್ಟ್ರಿಗೆ ಚಹ ಕೊಡುವ ನೆಪದಲ್ಲಿ ಎದ್ದೆ. ಅಪ್ಪಾ, ನೀನು ಕೊಂದಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಅಳೆದು ನೋಡಿದ್ದೇನೆ. ಹೇಗೆ ಅಳೆದೆ ಎಂದು ಮೊದಲು ಹೇಳುತ್ತೇನೆ, ಆಮೇಲೆ ನಾನು ಹದಿನೆಂಟು ದಿನ ನುಂಗಿಕೊಂಡ ಮಾತು ಹೇಳುತ್ತೇನೆ.

ನಾನು ಹೈದರಾಬಾದಿನಲ್ಲಿ ಏನು ಕಲಿಯುತ್ತೇನೆ ಎಂದು ಊರಿಗೆಲ್ಲ ಹೇಳಿ ಹೇಳಿ ನಿನ್ನ ಬಾಯಿ ಸೋತಿತ್ತು. ವಿಮಾನದ ಇಂಜಿನಿಯರಿಂಗು ಎಂದರೆ ಹಾರಿಸುವುದಲ್ಲ, ಮಾಡುವುದು ಎಂದು ನೀನು ಎಷ್ಟು ಸಲ ಹೇಳಿದರೂ ಓಣಿಯ ಅಮ್ಮಂದಿರು ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಮೋನಿ ಹೊಂಟಳು ಎಂದು ಕೈಬೀಸುತ್ತಿದ್ದರು. ಡಿಸೆಂಬರಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಎಂಬ ಹೊಸ ವಿಷಯ ಶುರುವಾಯಿತು. ಹರಿಯುವಂಥದ್ದು ಹೇಗೆ ಹರಿಯುತ್ತದೆ, ಎದುರಿಗೆ ಸಿಕ್ಕದ್ದನ್ನು ಎಷ್ಟು ಬಲದಿಂದ ತಳ್ಳುತ್ತದೆ ಎಂಬ ಲೆಕ್ಕ ಅದು. ಸಂಕ್ರಾಂತಿಗೆ ಬಂದಾಗ ಹೋಟೆಲಿನ ಲಾಡ್ಲೇಸಾಬ ಪುಸ್ತಕದ ಚಿತ್ರ ನೋಡಿ ಎಲ್ಲರೆದುರು ಕೇಳಿದ್ದ, "ವಿಮಾನ ಹಾರೂದು ಗಾಳ್ಯಾಗ. ನಿನಗ ನೀರಿನ ಪಾಠ ಯಾಕವ್ವ? ಏನು, ಕೆನಾಲದಾಗ ಇಳಸಾವ್ರೇನು?" ಗಾಳಿಯೂ ನೀರೂ ಒಂದೇ ನಿಯಮಕ್ಕೆ ಹರಿಯುತ್ತವೆ, ರೆಕ್ಕೆಯ ಮೇಲೆ ಗಾಳಿ ಹಾಯುವುದನ್ನು ತಿಳಿಯಬೇಕಾದರೆ ಮೊದಲು ಕಾಲುವೆಯ ನೀರನ್ನು ತಿಳಿಯಬೇಕು ಎಂದೆ. ನೀನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಹದಿನೆಂಟು ವರ್ಷ ಗೇಟು ಏರಿಸಿ ಇಳಿಸಿದ ಲಸ್ಕರನ ಮಗಳು ನೀರಿನ ಪಾಠ ಓದುತ್ತಾಳೆ ಎಂದು ನಿನಗೆ ಒಳಗೊಳಗೇ ಖುಷಿಯಾಗಿತ್ತು. ಹೊರಗೆ ಮಾತ್ರ, ಮೊದಲು ಪಾಸಾಗು ಅಂದೆ.

ನಿನ್ನೆ ಬುಧವಾರ ಕಾಲುವೆ ಮತ್ತೆ ಚಾಲೂ ಆಯಿತು. ಎಂಟು ದಿನದ ಬಂದ್ ಮುಗಿದು ಬಿಟ್ಟ ಮೊದಲ ನೀರು. ನಿನ್ನ ಜಾಗದಲ್ಲಿ ಈಗ ದ್ಯಾವಪ್ಪಣ್ಣ ಇದ್ದಾನೆ. ಅವನ ಮುಂದೆ ನಿಂತು, ಕಾಕಾ ಸತ್ತ ಎರಡನೇ ತಾರೀಖಿನ ರಿಜಿಸ್ಟರ್ ಪುಟ ತೋರಿಸು ಎಂದೆ. ಮೊದಲು ಆಗುವುದಿಲ್ಲ ಅಂದ, ಆಮೇಲೆ ಸುತ್ತ ನೋಡಿ ತೋರಿಸಿದ. ನಿನ್ನ ಅಕ್ಷರ. ಜನವರಿ ಮೂವತ್ತೊಂದರಿಂದ ಗೇಟು ನಾಲ್ಕು ಇಂಚು. ಫೆಬ್ರವರಿ ಎರಡು, ಮುಂಜಾನೆ ಹತ್ತು ಗಂಟೆಗೆ ಸಾಹೇಬರ ಫೋನು, ಹತ್ತು ಇಂಚಿಗೆ ಎತ್ತಿದೆ. ನಿನ್ನೆಯೂ ಗೇಟು ನಾಲ್ಕೇ ಇಂಚು ಇತ್ತು. ನಾನು ಜೋಳದ ದಂಟಿನ ಸಣ್ಣ ಸಣ್ಣ ಸಿವುಡು ಕಟ್ಟಿ, ಗೇಟಿನ ಕೆಳಗೆ ನಡುನೀರಿಗೆ ಬಿಟ್ಟು, ಏರಿಯ ಮೇಲೆ ಅವುಗಳ ಜೊತೆ ನಡೆದೆ. ನಡೆದೆ ಅಂದರೆ ಓಡಿದೆ ಅನ್ನು. ಕಾಕಾ ಕುರಿ ಇಳಿಸಿದ ಜಾಲಿಗಿಡದ ತಾವಿಗೆ ಆರು ಕಿಲೋಮೀಟರು. ಸಿವುಡು ಅಲ್ಲಿಗೆ ಬರಲು ಒಂದು ಗಂಟೆ ಹದಿನೈದು ನಿಮಿಷ ಹಿಡಿಯಿತು. ಹೊಸ ನೀರು ಬಿಟ್ಟಾಗ ಏರುವ ಅಲೆ ತೇಲುವ ದಂಟಿಗಿಂತ ಬೇಗ ಬರುತ್ತದೆ, ಅದಕ್ಕೂ ಬೇರೆ ಸೂತ್ರವಿದೆ. ಅದನ್ನು ಹಿಡಿದು ಲೆಕ್ಕ ಹಾಕಿದರೂ ನೀನು ಹತ್ತಕ್ಕೆ ಎತ್ತಿದ ನೀರಿನ ಮುಂಚೂಣಿ ಹತ್ತೂ ಇಪ್ಪತ್ತಕ್ಕಿಂತ ಮೊದಲು ಕಾಕಾನ ಹತ್ತಿರ ಬರುವಂತಿಲ್ಲ.

ಅಷ್ಟು ಹೊತ್ತಿಗೆ ಕಾಕಾ ಅಲ್ಲಿರಲಿಲ್ಲ ಅಪ್ಪಾ. ಜಾಲಿಗಿಡದಿಂದ ಕೆಳಗೆ, ಶಾಲೆಯ ಎದುರಿನ ಸೇತುವೆಯ ಮೇಲೆ ಅವತ್ತು ಮದೀನಾಬೀ ಮೆಣಸಿನಕಾಯಿ ಬಿಡಿಸಲು ಹೊರಟಿದ್ದಳು. ಕೆಳಗೆ ನೀರಿನಲ್ಲಿ ಕಾಕಾನ ಟಗರು ಕೊರಳ ಗಂಟೆ ಸಮೇತ ಹೋಯಿತಂತೆ, ಅದರ ಹಿಂದೆ ಅವನ ಕಂಬಳಿ. ಕುರಿ ಬಿದ್ದಿವೆ, ಅಮರಪ್ಪ ಎಲ್ಲೋ ಮೇಲೆ ಕೂಗುತ್ತಿರಬೇಕು ಅಂದುಕೊಂಡು ಅವಳು ಶಾಲೆಯ ಕಡೆ ಓಡಿದಳು. ಆಗ ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಜಗದೇವಪ್ಪ ಮೇಷ್ಟ್ರು ಪ್ರಾರ್ಥನೆಯ ಗಂಟೆ ಬಾರಿಸುವುದು ಒಂಬತ್ತೂ ನಲವತ್ತಕ್ಕೆ. ಅವಳು ಬಂದು ಕೂಗಿದ್ದಕ್ಕೇ ಪ್ರಾರ್ಥನೆ ಅರ್ಧಕ್ಕೆ ನಿಂತಿದ್ದು ಅವರಿಗೂ ನೆನಪಿದೆ. ನೀನು ಆಗ ಗೇಟಿನ ಹತ್ತಿರ ಕುಳಿತು ರೊಟ್ಟಿ ತಿನ್ನುತ್ತಿದ್ದೆ. ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ಎಂದು ಮದೀನಾಬೀಯನ್ನು ಕೇಳಿದೆ. "ಯಾರು ಕೇಳ್ಯಾರ ಬೇಟಿ? ನಿಮ್ಮಪ್ಪಾನೇ ಹೆಣದ ಮುಂದ ಕುಂತು ನಾನೇ ಕೊಂದೆ, ನಾನೇ ಕೊಂದೆ ಅನ್ನಾಕತ್ತಿದ್ದ. ಅಂವಾ ಹಂಗಂದಮ್ಯಾಗ ನನ್ನ ಮಾತು ಯಾರು ಕೇಳತಾರ?" ಸೋಮವಾರ ಬಂದು ಹೇಳಲು ಒಪ್ಪಿದ್ದಾಳೆ. ಮೇಷ್ಟ್ರೂ ಒಪ್ಪಿದ್ದಾರೆ.

ಇಷ್ಟನ್ನು ಓದಿ ನೀನು ಏನು ಕೇಳುತ್ತೀ ಎಂದು ನನಗೆ ಗೊತ್ತು. ಊರು ಕೇಳುವುದೂ ಅದನ್ನೇ. ಅಮರಪ್ಪ ಹುಟ್ಟಿದಾಗಿನಿಂದ ಕುರಿಯ ಹಿಂದೆ ಇದ್ದವನು, ಓಡುವ ನೀರಿಗೆ ಅವನು ಇಳಿಯುತ್ತಾನೆಯೇ? ಬಂದ್ ಇದ್ದಾಗ ಕಾಲುವೆಯಲ್ಲಿ ನಿಂತ ನೀರಿನಲ್ಲಿ ಮಾತ್ರ ಕುರಿ ತೊಳೆಯುತ್ತಿದ್ದ. ಅದಕ್ಕೂ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ಜಾಲಿಗಿಡಕ್ಕೆ ಬಿಗಿದೇ ಇಳಿಯುತ್ತಿದ್ದ. ಬಂದ್ ಯಾವಾಗ ಎಂದು ನಿನ್ನನ್ನು ಕೇಳಿಯೇ ಕುರಿ ತೊಳೆದು ಉಣ್ಣೆ ಕತ್ತರಿಸುವ ದಿನ ಗೊತ್ತು ಮಾಡುತ್ತಿದ್ದ. ಅಂಥವನು ನೀರಿಗೆ ಇಳಿದಿದ್ದಾನೆ ಅಂದರೆ ನೀರು ತೀರ ಮೆಲ್ಲಗಿರಬೇಕು, ಮೆಲ್ಲಗಿದ್ದ ನೀರು ರಭಸವಾಗಿದೆ ಅಂದರೆ ಅಣ್ಣ ಗೇಟು ಎತ್ತಿರಬೇಕು. ಊರಿನ ಈ ಲೆಕ್ಕದಲ್ಲಿ ಮೇಲ್ನೋಟಕ್ಕೆ ತಪ್ಪಿಲ್ಲ. ಈ ಸಲ ಉಣ್ಣೆ ಕತ್ತರಿಸಲು ನೆಂಟರು ಬರುವ ಭಾನುವಾರ ಮೊದಲೇ ಗೊತ್ತಾಗಿತ್ತು, ಕಾಲುವೆಯ ನೀರಿನ ಸರದಿ ಮಾತ್ರ ಎರಡು ದಿನ ಮೊದಲೇ ಬಂತು. ಆದರೂ ಕಾಕಾ ದಿನ ಮುಂದೂಡಲಿಲ್ಲ, ನಿನ್ನನ್ನು ಕೇಳಲೂ ಬರಲಿಲ್ಲ. ಸೊಂಟಮಟ್ಟ ನೀರು ಕಣ್ಣೆದುರೇ ಓಡುತ್ತಿದ್ದಾಗ ಕಾಲುವೆಯ ಗೋಡೆಗುಂಟ ಟಗರನ್ನು ಇಳಿಸಿ ತಾನೂ ಇಳಿದ, ಟಗರಿನ ಹಿಂದೆ ಉಳಿದವು ತಾವಾಗಿಯೇ ಇಳಿದವು. ನಾನು ಮೂರನೇ ತಾರೀಖು ಊರಿಗೆ ಬಂದವಳು ಆ ತಾವಿಗೆ ಹೋಗಿ ನೋಡಿದೆ. ಹಗ್ಗ ಜಾಲಿಗಿಡದ ಬುಡದಲ್ಲಿತ್ತು. ಸುತ್ತಿದ್ದು ಬಿಚ್ಚಿರಲಿಲ್ಲ.

ಮೂರನೆಯ ದಿನದ ಕಾರ್ಯಕ್ಕೆ ನೆಂಟರೆಲ್ಲ ಕೂಡಿದ್ದರು. ಸಣ್ಣವ್ವ ಅಳುತ್ತಾ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, ಸುತ್ತಲಿನವರಿಗೆ ಕೇಳುವ ಹಾಗೆ ಹೇಳಿದಳು, ಸಾಯುವ ದಿನವೂ ಈ ಹುಡುಗಿಯ ಹೆಸರು ತೆಗೆದುಕೊಂಡೇ ಹೋದ ಎಂದು. ನೀರು ಬಿಟ್ಟಿದ್ದಾರಲ್ಲ, ಇವತ್ತು ಬೇಡ ಎಂದು ಅವಳು ತಡೆದಿದ್ದಳಂತೆ. ಕಾಕಾ ನಕ್ಕನಂತೆ. "ಗ್ವಾಡಿಗಿ ಹತ್ತಿದ ನೀರು ಓಡಂಗಿಲ್ಲ. ನಮ್ಮ ಮೋನಿ ಹೇಳ್ಯಾಳ. ಇಂಜಿನಿಯರ ಮಾತು ಸುಳ್ಳಾಗತದೇನು?" ಸಣ್ಣವ್ವ ಇದನ್ನು ನನ್ನ ಹೊಗಳಿಕೆ ಅಂದುಕೊಂಡು ಹೇಳಿದಳು ಅಪ್ಪಾ. ಅವಳ ಕೈ ನನ್ನ ಬೆನ್ನ ಮೇಲಿತ್ತು.

ಸಂಕ್ರಾಂತಿಯ ಮರುದಿನ ನೀನು ಗೇಟಿಗೆ ಹೋಗಿದ್ದೆ, ನಾನು ಕಾಕಾನ ಜೊತೆ ಕಡಲೆ ಹೊಲಕ್ಕೆ ಹೋಗಿದ್ದೆ. ಹೊಲಗಾಲುವೆಯಲ್ಲಿ ನೀರು ಹರಿಯುತ್ತಿತ್ತು. ಕಲಿತದ್ದನ್ನು ತೋರಿಸು ಎಂದು ಅವನೇ ಕೇಳಿದ. ನಾನು ಕಣದಿಂದ ಒಂದು ಬೊಗಸೆ ಹೊಟ್ಟು ತಂದು ಈ ದಂಡೆಯಿಂದ ಆ ದಂಡೆಯವರೆಗೆ ಅಡ್ಡಲಾಗಿ ನೀರಿನ ಮೇಲೆ ಚೆಲ್ಲಿದೆ. ನಡುವಿನ ಹೊಟ್ಟು ಮುಂದೆ ಓಡಿತು, ದಂಡೆಯದು ಇದ್ದಲ್ಲೇ ಉಳಿಯಿತು. ಚೆಲ್ಲಿದ ಗೆರೆ ಬಿಲ್ಲಿನ ಹಾಗೆ ಬಾಗಿತು. ಕಾಕಾನ ಕಣ್ಣು ಅಗಲವಾದದ್ದು ಈಗಲೂ ಕಾಣುತ್ತದೆ. ನೀರು ಯಾವುದಕ್ಕೆ ಹತ್ತಿರುತ್ತದೋ ಅದರ ಹತ್ತಿರ ಓಡುವುದಿಲ್ಲ, ನಿಂತೇ ಬಿಡುತ್ತದೆ, ಇದು ಎಲ್ಲ ನೀರಿಗೂ ಎಲ್ಲ ಗೋಡೆಗೂ ಒಂದೇ ನಿಯಮ ಎಂದೆ. "ಹಂಗಾರ ದೊಡ್ಡ ಕೆನಾಲಕ್ಕೂ ಹಿಂಗೇ ಏನು?" ಎಂದು ಕೇಳಿದ. ಹಿಂಗೇ ಕಾಕಾ, ಎಂದೆ. ಪಕ್ಕದ ಹೊಲದ ನಾಲ್ಕು ಜನ ನಿಂತು ನೋಡುತ್ತಿದ್ದರು, ನನಗೆ ಹಿಗ್ಗು. ಒಂದು ಕ್ಷಣ ನಿಂತು ಯೋಚಿಸಲಿಲ್ಲ.

ನಾನು ಹೇಳಿದ ನಿಯಮ ಸುಳ್ಳಲ್ಲ, ಪುಸ್ತಕದಲ್ಲಿ ಹಾಗೇ ಇದೆ. ಆದರೆ ಗೋಡೆಗೆ ಹತ್ತಿ ನಿಲ್ಲುವ ಆ ನೀರಿನ ಪದರ ಉಗುರಿನಷ್ಟೂ ದಪ್ಪ ಇರುವುದಿಲ್ಲ. ಗಾರೆ ಮಾಡಿದ ನುಣುಪು ಗೋಡೆಯಿಂದ ಒಂದು ಗೇಣು ಈಚೆ ಬಂದರೆ ಸಾಕು, ನಡುನೀರಿನ ಮುಕ್ಕಾಲು ಪಾಲು ರಭಸ ಅಲ್ಲೇ ಇರುತ್ತದೆ. ಹೊಲಗಾಲುವೆಯಲ್ಲಿ ಹೊಟ್ಟು ನಿಂತದ್ದು ಆ ನಿಯಮದಿಂದ ಅಷ್ಟೇ ಅಲ್ಲ, ದಂಡೆಯ ಹುಲ್ಲು, ಮಣ್ಣಿನ ಉಬ್ಬು ತಗ್ಗುಗಳಿಂದ. ದೊಡ್ಡ ಕಾಲುವೆಗೆ ಹುಲ್ಲೆಲ್ಲಿದೆ? ಪಾಚಿ ಇದೆ, ಇಳಿಜಾರು ಇದೆ, ಕಾಲು ಊರಲು ಸಂದಿಲ್ಲ. ಈ ಎರಡನೆಯ ಪಾಠವನ್ನು ನಮ್ಮ ಸರ್ ಜನವರಿ ಹದಿಮೂರರಂದು ಮಾಡಿದ್ದರು. ನಾನು ಹಬ್ಬಕ್ಕೆಂದು ಒಂದು ದಿನ ಮೊದಲೇ ರೈಲು ಹತ್ತಿದ್ದೆ. ವಾಪಸು ಹೋದ ಮೇಲೆ ಗೆಳತಿಯ ಪುಸ್ತಕದಿಂದ ಅದನ್ನು ನಕಲು ಮಾಡಿಕೊಂಡೆ, ಚಿತ್ರಕ್ಕೆ ಬಣ್ಣವನ್ನೂ ಹಾಕಿದೆ. ಆಗಲಾದರೂ ಕಾಕಾನಿಗೆ ಒಂದು ಫೋನು ಮಾಡಬೇಕು ಎಂದು ನನಗೆ ಹೊಳೆಯಲಿಲ್ಲ. ನನಗೆ ಅದು ಪರೀಕ್ಷೆಗೆ ಬರುವ ಪ್ರಶ್ನೆ ಆಗಿತ್ತು. ಕಾಕಾನಿಗೆ ನಾನು ಹೇಳಿದ್ದು ಕುರಿ ಕಾಯುವ ಕೆಲಸದ ಮಾತು, ಅವನು ಅದನ್ನು ಹಾಗೇ ನಂಬಿದ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಸಣ್ಣವ್ವ ಆ ಮಾತು ಹೇಳಿದ ಗಳಿಗೆಯಿಂದಲೇ ನನಗೆ ಎಲ್ಲ ತಿಳಿದಿತ್ತು. ಹನ್ನೊಂದನೆಯ ದಿನ ಉಂಡವರು ಕೈ ತೊಳೆಯುತ್ತಾ ನಿನಗೆ ಕೇಳುವ ಹಾಗೆ ಅಣ್ಣನೇ ಕೊಂದ ಎಂದು ಆಡಿಕೊಂಡಾಗ ತಿಳಿದಿತ್ತು. ಮರುದಿನ ನೀನು ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದಾಗ ನಾನು ಬಾಗಿಲ ಹಿಂದೆಯೇ ನಿಂತಿದ್ದೆ, ಆಗಲೂ ತಿಳಿದಿತ್ತು. ನೀನು ತಿರುಗಿ ನೋಡಿ, ಓದು ಬಿಡಬೇಡ ಎಂದೆ. ನಾನು ಹೂಂ ಎಂದೆ. ಅಷ್ಟೇ ಅಂದೆ. ಹೇಳಿದರೆ ಓದು ನಿಲ್ಲುತ್ತದೆ, ಊರು ನಗುತ್ತದೆ, ಸಣ್ಣವ್ವನ ಕೈ ನನ್ನ ಬೆನ್ನ ಮೇಲಿಂದ ಸರಿಯುತ್ತದೆ ಎಂದು ಹೆದರಿದೆ. ನೀನು ಹೊತ್ತುಕೊಂಡದ್ದನ್ನು ನೋಡುತ್ತಾ ಸುಮ್ಮನಿದ್ದೆ.

ನಿನ್ನೆ ಸಂಜೆ ಸಣ್ಣವ್ವನ ಅಂಗಳಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಹೊಟ್ಟು ಚೆಲ್ಲಿದ್ದು, ಕಾಕಾ ಕೇಳಿದ್ದು, ನಾನು ಹಿಂಗೇ ಅಂದದ್ದು, ಮದೀನಾಬೀ ಕಂಡದ್ದು, ಗೇಟಿನ ಹೊತ್ತು. ಅವಳು ಕುರಿಮರಿಗೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಸೊಪ್ಪು ಮುಗಿದ ಮೇಲೂ ಖಾಲಿ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದಳು. ಆಮೇಲೆ ಬುಟ್ಟಿ ಕೆಳಗಿಟ್ಟು ಅಂದಳು. "ನಿಮ್ಮಪ್ಪಗ ಬರಾಕ ಹೇಳು. ಭಾವಗ ನಾ ಬಾಯಿಗಿ ಬಂದಂಗ ಅಂದೀನಿ, ಅದು ನಾ ಅಂವನ ಮುಂದ ತಿರುಗಿ ತಗೋಬೇಕು. ನೀ ಮಾತ್ರ ನನ್ನ ಅಂಗಳಕ್ಕ ಬರಬ್ಯಾಡ ಮೋನಿ. ಯಾವಾಗ ಬಾ ಅಂತೀನೋ ನನಗ ಗೊತ್ತಿಲ್ಲ. ಅಂದೇ ಅಂತೀನಂತನೂ ಹೇಳಂಗಿಲ್ಲ." ನಾನು ಆಯಿತು ಎಂದು ಎದ್ದು ಬಂದೆ. ಬೆಳಗ್ಗೆ ನೋಡಿದರೆ ಗೋಡೆಯ ಕಿಂಡಿಯ ಚೀಲ ತೆಗೆದಿತ್ತು. ಅವ್ವ ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು, ಆ ಕಡೆಯಿಂದ ಕೈ ತೆಗೆದುಕೊಂಡಿತು. ನಾನು ಅಡಿಗೆಮನೆಗೆ ಕಾಲಿಟ್ಟಾಗ ಮಾತು ನಿಂತಿತು.

ಅಪ್ಪಾ, ಶನಿವಾರವೇ ಹೊರಟು ಬಾ. ಯಾದಗಿರಿಯಲ್ಲಿ ಬಸ್ಸು ಹಿಡಿದು ಶಹಾಪುರದಲ್ಲಿ ಇಳಿದು ಕಾಯಬೇಡ, ನೇರ ಸುರಪುರದ ಬಸ್ಸೇ ಹತ್ತು, ಮೊಣಕಾಲಿಗೆ ಮೆಟ್ಟಿಲು ಏರುವುದು ಒಂದು ಸಲ ತಪ್ಪುತ್ತದೆ. ಬಂದವನು ಮೊದಲು ನಮ್ಮ ಮನೆಗೆ ಬರಬೇಡ, ಸಣ್ಣವ್ವನ ಮನೆಗೆ ಹೋಗು. ಅವ್ವನಿಗೂ ಹೇಳಿದ್ದೇನೆ, ಅವಳು ಕಾಯುತ್ತಾಳೆ. ಲಾಡ್ಲೇಸಾಬನ ಹೋಟೆಲಿನಲ್ಲಿ ಆಗಲೇ ಮಾತು ಶುರುವಾಗಿದೆ, ವಿಮಾನ ಕಲಿಯಲು ಹೋದವಳು ಕಾಲುವೆಯನ್ನೂ ಕಲಿಯದೆ ಬಂದಳು ಎಂದು. ನೀನು ಅಲ್ಲಿ ಯಾರೊಡನೆಯೂ ಜಗಳಕ್ಕೆ ನಿಲ್ಲಬೇಡ. ಅವರು ಅಂದದ್ದರಲ್ಲಿ ತೆಗೆದು ಹಾಕುವಂಥದ್ದು ಏನೂ ಇಲ್ಲ.

ಮಠದ ಅಜ್ಜನವರಿಗೆ ನಮ್ಮೆಲ್ಲರ ಶರಣು ತಿಳಿಸು. ಅವ್ವ ನಿನಗೆ ಏನೂ ಬರೆಯಬೇಡ ಅಂದಳು, ಬಂದರೆ ಸಾಕಂತೆ.

ನಿನ್ನ ಮಗಳು
ಮೋನಮ್ಮ

ತಾ.ಕ.: ಸುರಪುರ ಬಸ್ ನಿಲ್ದಾಣದಲ್ಲಿ ನಿಂತು ಬರೆಯುತ್ತಿದ್ದೇನೆ, ಮೇಷ್ಟ್ರು ಯಾದಗಿರಿಯ ಬಸ್ಸು ಹತ್ತಿ ಕಿಟಕಿಯಿಂದ ಕೈ ಚಾಚಿದ್ದಾರೆ. ಈ ಕಾಗದ ಓದಿದ ಮೇಲೆ ನೀನು ಏನು ಮಾಡುತ್ತೀ ಎಂದು ನನಗೆ ಗೊತ್ತು. ಮಗಳ ಹೆಸರು ಬರಬಾರದು ಎಂದು ಮೊದಲಿಗಿಂತ ಗಟ್ಟಿಯಾಗಿ ನಾನೇ ಕೊಂದೆ ಅನ್ನುತ್ತೀ. ಅದಕ್ಕೆಂದೇ ನಾನು ಈಗಷ್ಟೇ ಕಚೇರಿಗೆ ಹೋಗಿ, ಸಂಕ್ರಾಂತಿಯ ಮರುದಿನ ನಾನು ಕಾಕಾನಿಗೆ ಹೇಳಿದ್ದನ್ನು ಬರೆದು, ಸಹಿ ಮಾಡಿ ಕೊಟ್ಟು ಬಂದೆ. ನಕಲಿನ ಮೇಲೆ ಮುದ್ರೆ ಹಾಕಿಸಿಕೊಂಡಿದ್ದೇನೆ, ಇನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ನೀನು ಸುಳ್ಳು ಹೇಳಿದರೂ ನನ್ನ ಹೆಸರು ಹೊರಗೆ ಉಳಿಯುವುದಿಲ್ಲ ಅಪ್ಪಾ, ಸಣ್ಣವ್ವನಿಗೆ ಗಂಡ ಹೇಗೆ ಸತ್ತ ಎಂಬುದು ಮತ್ತೆ ಗೊಂದಲವಾಗುತ್ತದೆ, ಅಷ್ಟೇ. ಸೋಮವಾರ ಸಾಹೇಬರು ಕೇಳಿದಾಗ ನೀನು ಮಾಡಿದ್ದನ್ನು ಮಾತ್ರ ಹೇಳು. ನನ್ನ ಕಡೆ ನೋಡಬೇಡ.